ತಾರೀಖು ಹೊಂದದ ಅಂಕಿಗಳ ಹೋಲಿಕೆ: ದಾಲ್ ಮಿಲ್ ಲೆಕ್ಕದಲ್ಲಿ ಎಕ್ಸೆಲ್ ಹಾಳೆಯ ಬಳಕೆ

ತೊಗರಿ ವ್ಯಾಪಾರದಲ್ಲಿ ತೊಡಗಿರುವ ಕಲಬುರಗಿಯ ವರ್ತಕರಿಗಾಗಲಿ ದಾಲ್ ಮಿಲ್ ಮಾಲೀಕರಿಗಾಗಲಿ ಇಂದು ಅಂಕಿ-ಅಂಶಗಳ ಕೊರತೆಯಿಲ್ಲ. ಕೃಷಿ ಉತ್ಪನ್ನ ಮಾರುಕಟ್ಟೆಯ ದಿನದ ಧಾರಣೆ ಮತ್ತು ಆವಕ ಅಂತರ್ಜಾಲದಲ್ಲಿ ದೊರೆಯುತ್ತವೆ. ಮಾರಾಟದ ಬಿಲ್ಲುಗಳು ಗಣಕಯಂತ್ರದಲ್ಲಿಯೇ ಇರುತ್ತವೆ. ಜೆಸ್ಕಾಂ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಕೇಂದ್ರ ಸರ್ಕಾರದ ಬೆಂಬಲ ಬೆಲೆ ಹಂಗಾಮಿಗೊಮ್ಮೆ ಪ್ರಕಟವಾಗುತ್ತದೆ. ಆದರೆ ಇವುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಹೋಲಿಸಲು ಹೊರಟಾಗ ತೊಡಕು ಎದುರಾಗುತ್ತದೆ. ಒಂದು ಸರಣಿ ದಿನದ ಲೆಕ್ಕದಲ್ಲಿದೆ, ಇನ್ನೊಂದು ತಿಂಗಳ ಲೆಕ್ಕದಲ್ಲಿದೆ, ಮತ್ತೊಂದು ಹಂಗಾಮಿನ ಲೆಕ್ಕದಲ್ಲಿದೆ. ಇವುಗಳನ್ನು ಹಾಗೆಯೇ ಎಕ್ಸೆಲ್ ಹಾಳೆಗೆ ಸುರಿದರೆ ಹಾಳೆ ಮರುಮಾತಿಲ್ಲದೆ ಉತ್ತರ ಕೊಡುತ್ತದೆ. ಆ ಉತ್ತರ ತಪ್ಪಾಗಿದ್ದರೂ ಅದರ ಮುಖದ ಮೇಲೆ ಬರೆದಿರುವುದಿಲ್ಲ.

ಉದಾಹರಣೆಗೆ, ಕುಸನೂರ ರಸ್ತೆಯ ಬದಿಯಲ್ಲಿ ದಿನಕ್ಕೆ ಸುಮಾರು 100 ಕ್ವಿಂಟಲ್ ತೊಗರಿ ಒಡೆಯುವ ಒಂದು ದಾಲ್ ಮಿಲ್ ಇದೆಯೆಂದು ಭಾವಿಸಬಹುದು. ಅದರ ಮಾಲೀಕರ ಪ್ರಶ್ನೆ ಸರಳವಾದುದು: ಈ ಜನವರಿಯಲ್ಲಿ ಒಂದು ಕ್ವಿಂಟಲ್ ತೊಗರಿ ಒಡೆದುದಕ್ಕೆ ಉಳಿದದ್ದು ಎಷ್ಟು? ಇದಕ್ಕೆ ಉತ್ತರ ಹೇಳಲು ತೊಗರಿಯ ಖರೀದಿ ಧಾರಣೆ, ಬೇಳೆಯ ಮಾರಾಟ ದರ, ವಿದ್ಯುತ್ ಖರ್ಚು, ದಾಸ್ತಾನು ಎಂಬ ನಾಲ್ಕು ಸರಣಿಗಳು ಬೇಕು. ನಾಲ್ಕಕ್ಕೂ ಬೇರೆ ಬೇರೆ ಪಂಚಾಂಗ. ಮುಂದೆ ಬರುವ ಮಿಲ್ಲಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಆರಿಸಿಕೊಂಡವು, ಯಾವುದೇ ನಿಜವಾದ ಮಿಲ್ಲಿನವಲ್ಲ.

ತಾರೀಖು ತಾರೀಖಾಗಿಯೇ ಇದೆಯೇ?

ಎಕ್ಸೆಲ್ ಪ್ರತಿ ತಾರೀಖನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಎಂದರೆ 1; 2024ರ ಏಪ್ರಿಲ್ 1 ಎಂದರೆ 45383. ತಾರೀಖುಗಳನ್ನು ಕೂಡಿ-ಕಳೆಯಲು, ಹಿಂದು-ಮುಂದು ತಿಳಿಯಲು ಸಾಧ್ಯವಾಗುವುದು ಇದರಿಂದಲೇ. ಬೇರೆ ತಂತ್ರಾಂಶದಿಂದ ಅಥವಾ ಅಂತರ್ಜಾಲದಿಂದ ತಂದ ಪಟ್ಟಿಯಲ್ಲಿ ತಾರೀಖು ಬರಿಯ ಅಕ್ಷರಗಳಾಗಿ ಬಂದಿದ್ದರೆ ಇದಾವುದೂ ನಡೆಯುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಗಣಕಯಂತ್ರದ ತಾರೀಖಿನ ವ್ಯವಸ್ಥೆ ಅಮೆರಿಕದ ಪದ್ಧತಿಯಲ್ಲಿದ್ದರೆ, ಅಂದರೆ ತಿಂಗಳು ಮೊದಲು ದಿನ ಅನಂತರ ಎಂಬಂತಿದ್ದರೆ, 05/01/2025 ಎಂಬ ಜನವರಿ 5ನ್ನು ಅದು ಮೇ 1 ಎಂದು ಓದುತ್ತದೆ. 17/01/2025 ಎಂಬುದನ್ನು ಓದಲಾಗದೆ ಅಕ್ಷರವಾಗಿಯೇ ಬಿಡುತ್ತದೆ. ಪರಿಣಾಮವನ್ನು ಗಮನಿಸಬೇಕು. ಜನವರಿ 1ರ ಖರೀದಿ ಮಾತ್ರ ಜನವರಿಯಲ್ಲಿ ಉಳಿಯುತ್ತದೆ. 2ರಿಂದ 12ರವರೆಗಿನ ಖರೀದಿಗಳು ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದರಂತೆ ಹಂಚಿಹೋಗುತ್ತವೆ. 13ರಿಂದ 31ರವರೆಗಿನವು ಯಾವ ತಿಂಗಳಿಗೂ ಸೇರುವುದಿಲ್ಲ. ತೊಗರಿ ಆವಕ ಉಕ್ಕಿ ಬರುವ ತಿಂಗಳು ಹಾಳೆಯಲ್ಲಿ ಬರಡಾಗಿ ಕಾಣುತ್ತದೆ.

ಪತ್ತೆ ಹಚ್ಚುವುದು ಸುಲಭ. ಕಾಲಮಿನ ಅಗಲ ಹೆಚ್ಚಿಸಿ ನೋಡಿದರೆ ನಿಜವಾದ ತಾರೀಖುಗಳು ಬಲಕ್ಕೂ ಅಕ್ಷರಗಳಾಗಿ ಉಳಿದವು ಎಡಕ್ಕೂ ಸರಿದಿರುತ್ತವೆ. ಒಂದೇ ಕಾಲಮಿನಲ್ಲಿ ಎರಡೂ ಕಂಡರೆ ಮೂಲ ಪಟ್ಟಿಯನ್ನು ಮತ್ತೊಮ್ಮೆ ತರಿಸಿ, ಡೇಟಾ ಮೆನುವಿನ ‘ಟೆಕ್ಸ್ಟ್ ಟು ಕಾಲಮ್ಸ್’ ಮೂಲಕ ದಿನ-ತಿಂಗಳು-ವರ್ಷ ಎಂಬ ಕ್ರಮವನ್ನು ಸ್ಪಷ್ಟವಾಗಿ ಆರಿಸಬೇಕು. ಕೆಟ್ಟ ಹಾಳೆಯನ್ನೇ ಕೈಯಿಂದ ತಿದ್ದುತ್ತ ಕುಳಿತರೆ ಮೇ 1 ಎಂದಾದದ್ದು ಮೊದಲಿನಿಂದಲೂ ಮೇ 1 ಆಗಿತ್ತೋ ಜನವರಿ 5 ಆಗಿತ್ತೋ ಎಂದು ಹೇಳಲು ದಾರಿಯಿರುವುದಿಲ್ಲ. ಕೊನೆಗೆ ಹನ್ನೆರಡು ತಿಂಗಳ ಮೊತ್ತಗಳನ್ನು ಕೂಡಿ, ಅದು ಮೂಲ ಕಾಲಮಿನ ಒಟ್ಟು ಮೊತ್ತಕ್ಕೆ ಸಮವಾಗಿದೆಯೇ ಎಂದು ತಾಳೆ ನೋಡಬೇಕು. ಹಳೆಯ ಕಾಲದ ಗುಮಾಸ್ತರು ಖಾತೆ ಪುಸ್ತಕದ ಪ್ರತಿ ಪುಟದ ಅಡಿಯಲ್ಲಿ ಮಾಡುತ್ತಿದ್ದುದೂ ಇದನ್ನೇ.

ತಿಂಗಳ ಮೊತ್ತಕ್ಕೆ ‘ಸಮ್‌ಇಫ್ಸ್’ ಸೂತ್ರ ಬಳಸುವಾಗ ‘ಜನವರಿ’ ಎಂಬ ಹೆಸರಿನಿಂದ ಹುಡುಕಬಾರದು. ಎರಡು ವರ್ಷಗಳ ಜನವರಿಗಳು ಕೂಡಿಕೊಳ್ಳುತ್ತವೆ. ಜನವರಿ 1 ಅಥವಾ ಅದರ ನಂತರ, ಮತ್ತು ಫೆಬ್ರವರಿ 1ಕ್ಕಿಂತ ಮೊದಲು ಎಂದು ಎರಡು ಷರತ್ತುಗಳನ್ನು ಕೊಡುವುದು ಒಳಿತು. ‘ಜನವರಿ 31ರವರೆಗೆ’ ಎಂದರೆ ಸಾಲದೇ ಎಂದು ಕೇಳಬಹುದು. ತಾರೀಖಿನ ಜೊತೆಗೆ ಗಂಟೆ-ನಿಮಿಷವೂ ದಾಖಲಾಗಿರುವ ಪಟ್ಟಿಗಳಲ್ಲಿ 31ರ ಮಧ್ಯಾಹ್ನದ ವಹಿವಾಟು ಹಾಗೆ ಹೇಳಿದರೆ ಹೊರಗುಳಿಯುತ್ತದೆ.

ತೂಕ ಮತ್ತು ದರದ ಅಳತೆ

ತೊಗರಿ ಧಾರಣೆ ಕ್ವಿಂಟಲ್ ಲೆಕ್ಕದಲ್ಲಿ, ಬೇಳೆಯ ಬಿಲ್ಲು 30 ಅಥವಾ 50 ಕಿಲೋ ಚೀಲದ ಲೆಕ್ಕದಲ್ಲಿ, ಚಿಲ್ಲರೆ ದರ ಕಿಲೋ ಲೆಕ್ಕದಲ್ಲಿ ಇರುವುದು ಎಲ್ಲರಿಗೂ ತಿಳಿದ ವಿಷಯ. ಎಲ್ಲವನ್ನೂ ಕ್ವಿಂಟಲಿಗೆ ತರಬೇಕು ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ತೆರಿಗೆಯ ಕಡೆಗೆ ಗಮನ ಹರಿಯುವುದು ಕಡಿಮೆ. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಬೇಳೆಗೆ, ಬ್ರ್ಯಾಂಡ್ ಇರಲಿ ಇಲ್ಲದಿರಲಿ, 2022ರ ಜುಲೈ 18ರಿಂದ ಶೇ. 5 ಜಿಎಸ್‌ಟಿ ಅನ್ವಯವಾಯಿತು. ಬಿಲ್ಲಿನ ಒಟ್ಟು ಮೊತ್ತವನ್ನೇ ದರವೆಂದು ತೆಗೆದುಕೊಂಡ ಹಾಳೆಯಲ್ಲಿ ಆ ದಿನದಿಂದ ಸಣ್ಣ ಚೀಲಗಳ ಬೆಲೆ ಏರಿದಂತೆ ಕಾಣುತ್ತದೆ. ಏರಿದ್ದು ಬೇಳೆಯಲ್ಲ. ಆದ್ದರಿಂದ ದರದ ಸರಣಿಯನ್ನು ಎಂದಿಗೂ ತೆರಿಗೆ ಬಿಟ್ಟ ಮೊತ್ತದಿಂದಲೇ ಕಟ್ಟಬೇಕು.

ಮೂರು ಜಾತಿಯ ಅಂಕಿಗಳು

ದಿನದ ಅಂಕಿಗಳನ್ನು ತಿಂಗಳಿಗೆ ಇಳಿಸುವಾಗ ಎಲ್ಲ ಅಂಕಿಗಳಿಗೂ ಒಂದೇ ನಿಯಮ ಸಲ್ಲದು. ಆವಕ, ಮಾರಾಟ, ಒಡೆದ ತೊಗರಿ ಇವು ಹರಿಯುವ ಅಂಕಿಗಳು, ಇವನ್ನು ಕೂಡಬೇಕು. ದಾಸ್ತಾನು ನಿಂತ ಅಂಕಿ. ಮೂವತ್ತು ದಿನಗಳ ದಾಸ್ತಾನನ್ನು ಕೂಡಿದರೆ ಅರ್ಥವಿಲ್ಲ, ತಿಂಗಳ ಕೊನೆಯ ದಿನದ್ದನ್ನು ತೆಗೆದುಕೊಳ್ಳಬೇಕು. ಧಾರಣೆಯನ್ನು ಸರಾಸರಿ ಮಾಡಬೇಕು. ಆದರೆ ಎಂಥ ಸರಾಸರಿ ಎಂಬುದರಲ್ಲಿಯೇ ಹಣವಿದೆ.

ಒಂದು ದಿನ 4,000 ಕ್ವಿಂಟಲ್ ಆವಕವಾಗಿ ಧಾರಣೆ 7,000 ರೂಪಾಯಿ ಇತ್ತು. ಮರುದಿನ ಆವಕ 500 ಕ್ವಿಂಟಲಿಗೆ ಇಳಿದು ಧಾರಣೆ 7,600 ಆಯಿತು ಎಂದಿಟ್ಟುಕೊಳ್ಳಬಹುದು. ‘ಆವರೇಜ್’ ಸೂತ್ರ ಕೊಡುವ ಸರಾಸರಿ 7,300. ಆದರೆ ಆವಕದ ತೂಕ ಹಿಡಿದು ಲೆಕ್ಕ ಹಾಕಿದರೆ, ಅಂದರೆ ಪ್ರತಿದಿನದ ಆವಕವನ್ನು ಆ ದಿನದ ಧಾರಣೆಯಿಂದ ಗುಣಿಸಿ, ಕೂಡಿ, ಒಟ್ಟು ಆವಕದಿಂದ ಭಾಗಿಸಿದರೆ, ಬರುವುದು 7,067. ‘ಸಮ್‌ಪ್ರಾಡಕ್ಟ್’ ಎಂಬ ಸೂತ್ರ ಈ ಗುಣಾಕಾರ ಮತ್ತು ಸಂಕಲನವನ್ನು ಒಮ್ಮೆಗೇ ಮಾಡಿಕೊಡುತ್ತದೆ. ಎರಡು ಉತ್ತರಗಳ ನಡುವೆ ಕ್ವಿಂಟಲಿಗೆ 233 ರೂಪಾಯಿ ಅಂತರವಿದೆ. ಆವಕ ಕಡಿಮೆಯಾದ ದಿನ ಧಾರಣೆ ಏರುವುದು ಮಾರುಕಟ್ಟೆಯ ಸ್ವಭಾವವಾದ್ದರಿಂದ ಸಾದಾ ಸರಾಸರಿ ಹೆಚ್ಚಾಗಿ ಒಂದೇ ಕಡೆಗೆ, ಮೇಲಕ್ಕೆ, ವಾಲುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಮಾರುಕಟ್ಟೆ ವರದಿಯಲ್ಲಿ ಕನಿಷ್ಠ, ಗರಿಷ್ಠ, ಮಾಡಲ್ ಎಂದು ಮೂರು ಧಾರಣೆಗಳಿರುತ್ತವೆ. ಮಾಡಲ್ ಎಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ಧಾರಣೆ. ಅದು ಸರಾಸರಿಯಲ್ಲ, ಮಿಲ್ಲಿಗೆ ಬಿದ್ದ ಬೆಲೆಯಂತೂ ಅಲ್ಲ. ಹಮಾಲಿ, ದಲಾಲಿ, ಮಾರುಕಟ್ಟೆ ಶುಲ್ಕ, ಸಾಗಣೆ ಎಲ್ಲವೂ ಅದರ ಮೇಲಿನವು. ಸ್ವಂತ ಖರೀದಿಯ ಬಿಲ್ಲುಗಳಿರುವಾಗ ಒಟ್ಟು ಕೊಟ್ಟ ಹಣವನ್ನು ಒಟ್ಟು ಕ್ವಿಂಟಲಿನಿಂದ ಭಾಗಿಸಿದರೆ ಸಾಕು. ಮಾರುಕಟ್ಟೆಯ ಸರಣಿಯನ್ನು ತಾನು ಕೊಂಡದ್ದು ಅಗ್ಗವೋ ತುಟ್ಟಿಯೋ ಎಂದು ಅಳೆಯಲು ಮಾತ್ರ ಇಟ್ಟುಕೊಳ್ಳುವುದು ವಿವೇಕ.

ರಜೆಯ ದಿನದ ಧಾರಣೆ

ಭಾನುವಾರ, ಹಬ್ಬ-ಹರಿದಿನ, ಮುಷ್ಕರಗಳಂದು ಮಾರುಕಟ್ಟೆಯಲ್ಲಿ ಟೆಂಡರ್ ನಡೆಯುವುದಿಲ್ಲ. ಆದರೆ ಬೇಳೆಯ ಲಾರಿ ಭಾನುವಾರವೂ ಹೊರಡಬಹುದು, ಬಿಲ್ಲು ಅಂದೇ ಆಗಬಹುದು. ಆ ಬಿಲ್ಲಿನ ಎದುರು ಯಾವ ತೊಗರಿ ಧಾರಣೆ ಬರೆಯಬೇಕು?

ಸೊನ್ನೆಯನ್ನಂತೂ ಬರೆಯಬಾರದು. ಖಾಲಿ ಚೌಕವನ್ನು ‘ಆವರೇಜ್’ ಸೂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ಐದು ದಿನ 7,000 ಇದ್ದು ಆರನೆಯ ದಿನಕ್ಕೆ ಸೊನ್ನೆ ಬರೆದರೆ ಸರಾಸರಿ 5,833ಕ್ಕೆ ಕುಸಿಯುತ್ತದೆ. ಧಾರಣೆಗೆ ಖಾಲಿ ಎಂದರೆ ‘ವಹಿವಾಟಿಲ್ಲ’ ಎಂದರ್ಥ. ಆವಕಕ್ಕೆ ಮಾತ್ರ ಸೊನ್ನೆ ಸರಿಯಾದ ಅಂಕಿ.

ರಜೆಯ ದಿನಕ್ಕೆ ಅದರ ಹಿಂದಿನ ವಹಿವಾಟಿನ ದಿನದ ಧಾರಣೆಯನ್ನು ತರುವುದು ವ್ಯಾಪಾರದ ರೂಢಿಗೂ ಒಪ್ಪುವ ಕ್ರಮ. ಇದಕ್ಕೆ ‘ವಿಲುಕಪ್’ ಸೂತ್ರವಿದೆ. ಅದರ ಕೊನೆಯ ಅಂಶ ‘ಫಾಲ್ಸ್’ ಎಂದಿದ್ದರೆ ಅದೇ ತಾರೀಖು ಸಿಗದಾಗ ತಪ್ಪಿನ ಸೂಚನೆ ಬರುತ್ತದೆ. ‘ಟ್ರೂ’ ಎಂದಿದ್ದರೆ ಆ ತಾರೀಖಿಗೆ ಸಮನಾದ ಅಥವಾ ಅದಕ್ಕಿಂತ ಹಿಂದಿನ, ಅತಿ ಸಮೀಪದ ತಾರೀಖಿನ ಧಾರಣೆ ಬರುತ್ತದೆ. ಇಲ್ಲಿ ಬೇಕಾದದ್ದು ಎರಡನೆಯದು. ಧಾರಣೆ ಪಟ್ಟಿ ಹಳೆಯ ತಾರೀಖಿನಿಂದ ಹೊಸ ತಾರೀಖಿನ ಕಡೆಗೆ ಏರುಕ್ರಮದಲ್ಲಿ ಜೋಡಿಸಿರಲೇಬೇಕು. ಅಂತರ್ಜಾಲದ ವರದಿಗಳಲ್ಲಿ ಹೊಸ ತಾರೀಖು ಮೇಲಿರುವುದುಂಟು, ಆಗ ಸೂತ್ರ ಸದ್ದಿಲ್ಲದೆ ತಪ್ಪು ಧಾರಣೆ ತರುತ್ತದೆ. ಹೊಸ ಆವೃತ್ತಿಗಳ ‘ಎಕ್ಸ್‌ಲುಕಪ್’ ಸೂತ್ರಕ್ಕೆ ಈ ಜೋಡಣೆಯ ಕಟ್ಟುಪಾಡಿಲ್ಲ. ಹಣ ಕೊಟ್ಟು ಕೊಳ್ಳಬೇಕಾಗಿಲ್ಲದ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿಯೂ ‘ವಿಲುಕಪ್’ ಇದೇ ರೀತಿ ಕೆಲಸ ಮಾಡುತ್ತದೆ.

ಧಾರಣೆಯೊಂದಿಗೆ ಅದು ಯಾವ ದಿನದ್ದು ಎಂಬುದನ್ನೂ ಇನ್ನೊಂದು ಕಾಲಮಿಗೆ ತಂದು, ಬಿಲ್ಲಿನ ತಾರೀಖಿನಿಂದ ಕಳೆಯಬೇಕು. ಒಂದೆರಡು ದಿನದ ಅಂತರವಾದರೆ ಚಿಂತೆಯಿಲ್ಲ. ಮಳೆಗಾಲದಲ್ಲಿ ಆವಕ ವಿರಳವಾದಾಗ ಈ ಅಂತರ ಹೆಚ್ಚಾಗಬಹುದು. ವಾರದ ಹಿಂದಿನ ಧಾರಣೆಯನ್ನು ಇಂದಿನದೆಂದು ನಂಬಿ ಲಾಭ ಎಣಿಸುವುದು ತರವಲ್ಲ.

ಹಂಗಾಮಿಗೊಮ್ಮೆ ಬದಲಾಗುವ ಬೆಂಬಲ ಬೆಲೆಗೂ ಇದೇ ಸೂತ್ರ ಸಾಕು. ತೊಗರಿಯ ಬೆಂಬಲ ಬೆಲೆ 2023-24ರ ಮುಂಗಾರು ಮಾರಾಟ ಹಂಗಾಮಿಗೆ 7,000, 2024-25ಕ್ಕೆ 7,550, 2025-26ಕ್ಕೆ 8,000 ರೂಪಾಯಿ. ಅಕ್ಟೋಬರ್ 1ರಿಂದ ಆರಂಭವಾಗುವ ಈ ಹಂಗಾಮುಗಳ ಮೂರು ಸಾಲಿನ ಸಣ್ಣ ಪಟ್ಟಿಯೊಂದನ್ನು ಮಾಡಿಟ್ಟರೆ ಯಾವ ತಾರೀಖಿಗೆ ಯಾವ ಬೆಲೆ ಎಂಬುದನ್ನು ಹಾಳೆಯೇ ಹುಡುಕಿಕೊಳ್ಳುತ್ತದೆ. ಪಟ್ಟಿಯಲ್ಲಿ ಬರೆಯಬೇಕಾದದ್ದು ಘೋಷಣೆಯ ದಿನವಲ್ಲ. 2024-25ರ ಬೆಲೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ಜೂನ್ 19ರಂದು; ಆದರೆ ಆ ಬೆಲೆ ಸಂಬಂಧಿಸಿದ್ದು ಅಂದು ಇನ್ನೂ ಬಿತ್ತನೆಯ ಹಂತದಲ್ಲಿದ್ದ ಬೆಳೆಗೆ.

ವಿದ್ಯುತ್ ಬಿಲ್ಲಿನ ತಿಂಗಳು

ಮೀಟರ್ ಓದಿದ ದಿನದಿಂದ ಮುಂದೆ ಓದಿದ ದಿನದವರೆಗಿನದು ವಿದ್ಯುತ್ ಬಿಲ್ಲಿನ ತಿಂಗಳು. ಅದು ಪಂಚಾಂಗದ ತಿಂಗಳಲ್ಲ. ಕುಸನೂರ ರಸ್ತೆಯ ಮಿಲ್ಲಿನ ಮೀಟರನ್ನು ಡಿಸೆಂಬರ್ 10, ಜನವರಿ 10 ಮತ್ತು ಫೆಬ್ರವರಿ 8ರಂದು ಓದಲಾಯಿತು ಎಂದು ಭಾವಿಸಬಹುದು. ಮೊದಲ 31 ದಿನಗಳಲ್ಲಿ 12,400 ಯೂನಿಟ್, ಅಂದರೆ ದಿನಕ್ಕೆ 400. ಮುಂದಿನ 29 ದಿನಗಳಲ್ಲಿ ಹಂಗಾಮು ಏರಿ 15,950 ಯೂನಿಟ್, ದಿನಕ್ಕೆ 550. ಜನವರಿಯಲ್ಲಿ ಕೈಸೇರಿದ ಬಿಲ್ಲು 12,400 ಯೂನಿಟ್ಟಿನದು. ಜನವರಿಯಲ್ಲಿ ಒಡೆದ ತೊಗರಿ 3,110 ಕ್ವಿಂಟಲ್ ಎಂದಾದರೆ ಕ್ವಿಂಟಲಿಗೆ ಸುಮಾರು 4 ಯೂನಿಟ್ ಎಂಬ ಸಮಾಧಾನದ ಉತ್ತರ ಬರುತ್ತದೆ.

ದಿನಗಳನ್ನು ಹಂಚಿ ನೋಡಿದರೆ ಚಿತ್ರ ಬೇರೆ. ಜನವರಿಯ ಮೊದಲ 10 ದಿನಗಳಿಗೆ 400ರಂತೆ 4,000, ಉಳಿದ 21 ದಿನಗಳಿಗೆ 550ರಂತೆ 11,550, ಒಟ್ಟು 15,550. ಅಂದರೆ ಕ್ವಿಂಟಲಿಗೆ 5 ಯೂನಿಟ್. ಹಂಗಾಮು ಏರುವಾಗ ಬಿಲ್ಲಿನ ತಿಂಗಳು ಖರ್ಚನ್ನು ಕಡಿಮೆ ತೋರಿಸುತ್ತದೆ, ಇಳಿಯುವಾಗ ಹೆಚ್ಚು ತೋರಿಸುತ್ತದೆ. ಯಂತ್ರ ಕೆಟ್ಟಿದೆಯೆಂದು ಮಾರ್ಚಿಯಲ್ಲಿ ಮೆಕ್ಯಾನಿಕ್‌ನನ್ನು ಕರೆಸುವ ಮುನ್ನ ಈ ಲೆಕ್ಕವನ್ನೊಮ್ಮೆ ಮಾಡುವುದು ಅಗ್ಗ.

ಆದರೂ ದಿನಕ್ಕೆ ಸಮನಾಗಿ ಹಂಚುವುದು ಒಂದು ಊಹೆಯೇ ಹೊರತು ಅಳತೆಯಲ್ಲ. ತಿಂಗಳ ಅಂಕಿಯನ್ನು ದಿನಗಳಿಗೆ ಹರಡಿ, ಅದನ್ನು ದಿನದ ಧಾರಣೆಯೊಂದಿಗೆ ಹೋಲಿಸಿದರೆ ಇಲ್ಲದ ವಿವರವನ್ನು ಸೃಷ್ಟಿಸಿದಂತಾಗುತ್ತದೆ. ಎರಡು ಸರಣಿಗಳನ್ನು ಹೋಲಿಸುವಾಗ ದಿನದ್ದನ್ನು ತಿಂಗಳಿಗೆ ಇಳಿಸಬಹುದು. ತಿಂಗಳದ್ದನ್ನು ದಿನಕ್ಕೆ ಎಳೆಯಬಾರದು. ಈ ತೊಡಕಿಗೆ ಎಲ್ಲಕ್ಕಿಂತ ಒಳ್ಳೆಯ ಪರಿಹಾರ ಎಕ್ಸೆಲ್‌ನಲ್ಲಿ ಇಲ್ಲವೇ ಇಲ್ಲ. ಪ್ರತಿ ತಿಂಗಳ 1ರ ಬೆಳಿಗ್ಗೆ ಮಿಲ್ ಶುರುವಾಗುವ ಮುನ್ನ ಮೀಟರ್ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಯಾರಿಗಾದರೂ ಹೇಳಿದರೆ ಹಂಚುವ ಪ್ರಶ್ನೆಯೇ ಏಳುವುದಿಲ್ಲ.

ದಿನದ ಎಲ್ಲೆಯೂ ಎಲ್ಲ ಕಡೆ ಒಂದೇ ಆಗಿರುವುದಿಲ್ಲ ಎಂಬುದಕ್ಕೆ ಮಳೆಯ ಅಂಕಿ ಸಾಕ್ಷಿ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. 10ನೆಯ ತಾರೀಖಿನ ಸಂಜೆ ಸುರಿದ ಮಳೆ 11ರ ಲೆಕ್ಕದಲ್ಲಿ ಬರುತ್ತದೆ. ಮಳೆಯಿಂದ ಎಷ್ಟು ದಿನ ಅಂಗಳದಲ್ಲಿ ತೊಗರಿ ಒಣಹಾಕಲಾಗಲಿಲ್ಲ ಎಂದು ತಾಳೆ ನೋಡುವವರು ಒಂದು ದಿನ ಸರಿಸಿ ನೋಡಬೇಕು.

ಕೊಂಡ ದಿನ, ಮಾರಿದ ದಿನ

ಇಷ್ಟೆಲ್ಲ ಹೊಂದಿಸಿದ ಮೇಲೆ ಮುಖ್ಯ ತೊಡಕು ಉಳಿದೇ ಇರುತ್ತದೆ. ಇಂದು ಮಾರಿದ ಬೇಳೆ ಇಂದು ಕೊಂಡ ತೊಗರಿಯಿಂದ ಬಂದದ್ದಲ್ಲ.

ಮಿಲ್ಲಿನ ಗೋದಾಮಿನಲ್ಲಿ 1,500 ಕ್ವಿಂಟಲ್ ತೊಗರಿ ಇದೆ, ದಿನಕ್ಕೆ 100 ಕ್ವಿಂಟಲ್ ಒಡೆಯಲಾಗುತ್ತದೆ ಎಂದರೆ ಕೊಂಡ ಕಾಳು ಯಂತ್ರಕ್ಕೆ ಬೀಳಲು 15 ದಿನ. ಎಣ್ಣೆ ಹಚ್ಚಿ, ಒಣಗಿಸಿ, ಒಡೆದು ಮುಗಿಸಲು 3 ದಿನ. ತಯಾರಾದ ಬೇಳೆ ಲಾರಿ ಏರಲು ಮತ್ತೆ 3 ದಿನ. ಒಟ್ಟು 21 ದಿನ. ಈ ಅವಧಿಯನ್ನು ದಾಸ್ತಾನು ಪುಸ್ತಕದಿಂದಲೇ ತೆಗೆಯಬೇಕು. ಲಾಭ ಯಾವ ಅಂತರದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು 14, 21, 28 ದಿನಗಳನ್ನು ಹಾಕಿ ನೋಡಿ ಒಂದನ್ನು ಆರಿಸುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ. ಪ್ರತಿ ಲಾಟಿಗೆ ನಂಬರ್ ಹಾಕಿ ಕೊನೆಯವರೆಗೂ ಕಾಯ್ದುಕೊಂಡು ಬರುವ ಮಿಲ್ಲುಗಳಿಗೆ ಈ ಅಂದಾಜಿನ ಅಗತ್ಯವೂ ಇಲ್ಲ.

ಈಗ ಲೆಕ್ಕ. 100 ಕಿಲೋ ತೊಗರಿಯಿಂದ 72 ಕಿಲೋ ಬೇಳೆ ಬರುತ್ತದೆ, ಚುನ್ನಿ ಮತ್ತು ಹೊಟ್ಟಿನಿಂದ 350 ರೂಪಾಯಿ ದೊರೆಯುತ್ತದೆ ಎಂದಿರಲಿ. ಜನವರಿ 1ರಂದು ತೊಗರಿ 7,000 ಇತ್ತು. 22ರ ಹೊತ್ತಿಗೆ 7,500ಕ್ಕೆ ಏರಿತು. ಅಂದು ಬೇಳೆಯ ದರ 10,600. ಒಂದು ಕ್ವಿಂಟಲ್ ತೊಗರಿಯ ಬೇಳೆಗೆ ಸಿಕ್ಕಿದ್ದು 7,632, ಚುನ್ನಿ-ಹೊಟ್ಟು ಸೇರಿ 7,982. ಅದೇ ದಿನದ ತೊಗರಿ ಧಾರಣೆಯನ್ನು ಕಳೆದರೆ ಉಳಿಯುವುದು 482. ಆದರೆ ಆ ಬೇಳೆ ಬಂದದ್ದು 7,000ಕ್ಕೆ ಕೊಂಡ ಕಾಳಿನಿಂದ. ಕೈಗೆ ಬಂದದ್ದು 982.

ಪೇಟೆ ಇಳಿಯುವಾಗ ಇದೇ ಲೆಕ್ಕ ತಿರುಗಿ ಬೀಳುತ್ತದೆ. ತೊಗರಿ 7,000ದಿಂದ 6,500ಕ್ಕೆ ಬಂದು, ಬೇಳೆ 9,300ಕ್ಕೆ ಮಾರಿತು ಎಂದಿರಲಿ. ಬೇಳೆಗೆ 6,696, ಎಲ್ಲ ಸೇರಿ 7,046. ಅದೇ ದಿನದ ಧಾರಣೆಗೆ ಹೋಲಿಸಿದರೆ 546 ಉಳಿತಾಯ. ಮೊದಲಿಗಿಂತಲೂ ಚೆನ್ನಾಗಿದೆ ಎಂಬ ಭ್ರಮೆ. ಕೊಂಡ ಬೆಲೆಗೆ ಹೋಲಿಸಿದರೆ ಉಳಿದದ್ದು 46 ರೂಪಾಯಿ. ವಿದ್ಯುತ್, ಕೂಲಿ, ಚೀಲ, ಬ್ಯಾಂಕಿನ ಬಡ್ಡಿ ಎಲ್ಲವೂ ಈ 46ರಲ್ಲಿಯೇ ಹೋಗಬೇಕು. ಒಂದೇ ದಿನದ ಎರಡು ದರಗಳನ್ನು ಪಕ್ಕ ಪಕ್ಕ ಇಟ್ಟು ನೋಡುವ ಮಾಲೀಕರು ಇಂಥ ತಿಂಗಳಲ್ಲಿ ಖರೀದಿ ಹೆಚ್ಚಿಸುವ ಸಂಭವವೇ ಹೆಚ್ಚು.

ಹಾಗಾದರೆ ಮೊದಲನೆಯ ಲೆಕ್ಕ ತಪ್ಪೇ? ತಪ್ಪಲ್ಲ, ಅದು ಬೇರೊಂದು ಪ್ರಶ್ನೆಗೆ ಉತ್ತರ. ಅದೇ ದಿನದ ಹೋಲಿಕೆ ತೋರಿಸುವುದು ಒಡೆಯುವ ಕೆಲಸದ ಗಳಿಕೆಯನ್ನು: ಇಂದು ಕಾಳು ಕೊಂಡು ಇಂದೇ ಬೇಳೆ ಮಾಡಿ ಮಾರಲು ಸಾಧ್ಯವಿದ್ದರೆ ಏನು ಸಿಗುತ್ತಿತ್ತು ಎಂಬುದನ್ನು. 21 ದಿನ ಸರಿಸಿದ ಹೋಲಿಕೆ ತೋರಿಸುವುದು ಒಟ್ಟು ಗಳಿಕೆಯನ್ನು. ಎರಡರ ವ್ಯತ್ಯಾಸ, ಮೊದಲ ಉದಾಹರಣೆಯಲ್ಲಿ ಕೂಡಿದ 500 ಮತ್ತು ಎರಡನೆಯದರಲ್ಲಿ ಕಳೆದ 500, ದಾಸ್ತಾನಿನ ಗಳಿಕೆ ಅಥವಾ ನಷ್ಟ. ಮೊದಲನೆಯದು ಮಿಲ್ಲಿನ ಯಂತ್ರ ಮತ್ತು ಕೆಲಸಗಾರರ ಕೌಶಲ. ಎರಡನೆಯದು ಪೇಟೆಯ ಆಟ. ಆದ್ದರಿಂದ ಹಾಳೆಯಲ್ಲಿ ಎರಡೂ ಕಾಲಂಗಳು ಇರಬೇಕು. ಬಿಲ್ಲಿನ ತಾರೀಖಿನಿಂದ 21 ಕಳೆದ ಹೊಸ ಕಾಲಂ ಮಾಡಿ, ಮೇಲೆ ಹೇಳಿದ ‘ವಿಲುಕಪ್’ ಸೂತ್ರವನ್ನು ಅದರ ಮೇಲೆ ಮತ್ತೊಮ್ಮೆ ನಡೆಸಿದರೆ ಕೆಲಸ ಮುಗಿಯಿತು. ದಾಸ್ತಾನು ಏರಿಳಿದಂತೆ 21 ಎಂಬ ಅಂಕಿಯನ್ನೂ ತಿಂಗಳಿಗೊಮ್ಮೆ ಹೊಸದಾಗಿ ಎಣಿಸಬೇಕು.

ಇದು ಬರಿಯ ಕಾಗದದ ಲೆಕ್ಕವಲ್ಲ. 2015ರ ಅಕ್ಟೋಬರ್‌ನಲ್ಲಿ ದೇಶದ ಹಲವು ನಗರಗಳಲ್ಲಿ ತೊಗರಿ ಬೇಳೆಯ ಚಿಲ್ಲರೆ ದರ ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಹೋಗಿತ್ತು. ಮರುವರ್ಷ ದೇಶದ ತೊಗರಿ ಉತ್ಪಾದನೆ ಸುಮಾರು 25.6 ಲಕ್ಷ ಟನ್ನಿನಿಂದ 48.7 ಲಕ್ಷ ಟನ್ನಿಗೆ ಜಿಗಿಯಿತು. 2016-17ರ ಹಂಗಾಮಿನಲ್ಲಿ ಧಾರಣೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಅಂಥ ಇಳಿಜಾರಿನಲ್ಲಿ ಅದೇ ದಿನದ ಹೋಲಿಕೆಯೊಂದನ್ನೇ ನೋಡುತ್ತ ಕುಳಿತವರಿಗೆ ಒಡೆಯುವ ಗಳಿಕೆ ಮಾಮೂಲಿನಂತೆ ಕಾಣುತ್ತಿರುತ್ತದೆ. ಗೋದಾಮಿನಲ್ಲಿ ಬಂಡವಾಳ ಕರಗುತ್ತಿರುವುದು ಕಾಣುವುದಿಲ್ಲ.

ಕಳೆದ ವರ್ಷದೊಂದಿಗೆ ಹೋಲಿಕೆ

‘ಕಳೆದ ಜನವರಿಗಿಂತ ಈ ಜನವರಿ ಹೇಗೆ?’ ಎಂಬ ಪ್ರಶ್ನೆಗೆ ಎರಡು ಅಂಕಿಗಳು ಸಾಕು ಎನ್ನಿಸುತ್ತದೆ. ಈ ಭಾಗದಲ್ಲಿ ಎಳ್ಳ ಅಮಾವಾಸ್ಯೆಯಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ತೊಗರಿ ರಾಶಿಯ ಕಾಲವೂ ಅದೇ. 2022ರಲ್ಲಿ ಅದು ಡಿಸೆಂಬರ್ 23ರಂದು ಬಂತು. 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಮುಂದಿನದು 2024ರ ಜನವರಿ 11ಕ್ಕೆ ಸರಿಯಿತು. ಅದರ ನಂತರದ್ದು 2024ರ ಡಿಸೆಂಬರ್ 30. ಅಂದರೆ ಇಂಗ್ಲಿಷ್ ಕ್ಯಾಲೆಂಡರಿನ ಪ್ರಕಾರ 2023ರಲ್ಲಿ ಎಳ್ಳ ಅಮಾವಾಸ್ಯೆಯೇ ಇರಲಿಲ್ಲ, 2024ರಲ್ಲಿ ಎರಡು ಬಂದವು! 2023ರ ಜನವರಿಯ ಆವಕವನ್ನು 2024ರ ಜನವರಿಯೊಂದಿಗೆ ಹೋಲಿಸುವವರು ಇದನ್ನು ಮರೆಯಬಾರದು. ಖಾಜಾ ಬಂದೇನವಾಜರ ಉರುಸು ಚಾಂದ್ರಮಾನದ ಜಿಲ್ಕಾದ್ ತಿಂಗಳಿಗೆ ಸೇರಿದ್ದು. ಅಲ್ಲಿ ಅಧಿಕ ಮಾಸವಿಲ್ಲದ ಕಾರಣ ಅದು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತಲೇ ಹೋಗುತ್ತದೆ. ಇದಕ್ಕೆ ಉಪಾಯ ಕಷ್ಟದ್ದಲ್ಲ. ತಿಂಗಳ ಒಟ್ಟು ಆವಕದ ಪಕ್ಕದಲ್ಲಿ ಎಷ್ಟು ದಿನ ಮಾರುಕಟ್ಟೆ ನಡೆಯಿತು ಎಂದು ‘ಕೌಂಟ್’ ಸೂತ್ರದಿಂದ ಎಣಿಸಿ, ವಹಿವಾಟಿನ ದಿನವೊಂದಕ್ಕೆ ಎಷ್ಟು ಎಂದು ಹೋಲಿಸಬೇಕು. ಹಬ್ಬದ ಮಾರಾಟವನ್ನಾದರೆ ತಿಂಗಳಿನಿಂದಲ್ಲ, ಹಬ್ಬದ ಹಿಂದಿನ 30 ದಿನಗಳಿಂದ ಅಳೆಯುವುದು ಲೇಸು.

ವರ್ಷ ಎಂಬುದೂ ಒಂದೇ ಅಲ್ಲ. ಆದಾಯ ತೆರಿಗೆಗೆ ಏಪ್ರಿಲ್-ಮಾರ್ಚ್ ವರ್ಷ ಎಲ್ಲರಿಗೂ ಏಕರೂಪವಾದದ್ದು 1989-90ರ ಕರ ನಿರ್ಧಾರಣಾ ವರ್ಷದಿಂದ. ಅದಕ್ಕೆ ಮೊದಲು ದೀಪಾವಳಿಯಿಂದ ದೀಪಾವಳಿಗೆ ಲೆಕ್ಕ ಇಡುವ ಅವಕಾಶವಿತ್ತು. ತೊಗರಿಗಂತೂ ಮಾರ್ಚ್ 31 ಅನುಕೂಲದ ಎಲ್ಲೆಯಲ್ಲ. ಅಂದು ಗೋದಾಮು ತುಂಬಿರುತ್ತದೆ. ತೆರಿಗೆಗೆ ಒಂದು ವರ್ಷ, ವ್ಯಾಪಾರದ ವಿಶ್ಲೇಷಣೆಗೆ ಅಕ್ಟೋಬರ್-ಸೆಪ್ಟೆಂಬರ್ ಹಂಗಾಮಿನ ವರ್ಷ ಎಂದು ಎರಡು ಕಾಲಂ ಇಡಬೇಕು. ಅಜ್ಜನ ಕಾಲದ ಖಾತೆ ಪುಸ್ತಕ ತೆರೆದು ನೋಡುವ ಕುತೂಹಲವುಳ್ಳವರಿಗೆ ಇನ್ನೊಂದು ಪಾಠವೂ ಕಾದಿದೆ. ನಿಜಾಮರ ಆಡಳಿತದಲ್ಲಿ ಇಲ್ಲಿ ನಡೆಯುತ್ತಿದ್ದುದು ಫಸಲಿ ವರ್ಷ. ಫಸಲಿ 1357 ಎಂದರೆ 1947ರ ಅಕ್ಟೋಬರ್‌ನಿಂದ 1948ರ ಅಕ್ಟೋಬರ್‌ವರೆಗೆ. ಹಣವೂ ಹಾಲಿ ಸಿಕ್ಕಾ. ಅದರ 7 ರೂಪಾಯಿ ಬ್ರಿಟಿಷ್ ಇಂಡಿಯಾದ 6 ರೂಪಾಯಿಗೆ ಸಮ.

ಸೂಚ್ಯಂಕಗಳ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಸಗಟು ಬೆಲೆ ಸೂಚ್ಯಂಕದ ಮೂಲವರ್ಷ 2017ರ ಮೇ ತಿಂಗಳಲ್ಲಿ 2004-05ರಿಂದ 2011-12ಕ್ಕೆ ಬದಲಾಯಿತು. ಎರಡು ಮೂಲವರ್ಷಗಳ ಅಂಕಿಗಳನ್ನು ಒಂದೇ ಕಾಲಮಿನಲ್ಲಿ ಅಂಟಿಸಿದರೆ ಬೆಲೆಗಳು ಒಂದೇ ತಿಂಗಳಲ್ಲಿ ಕುಸಿದಂತೆ ಕಾಣುತ್ತದೆ. ಮೊದಲು ಪ್ರಕಟವಾಗುವ ಅಂಕಿ ತಾತ್ಕಾಲಿಕವಾಗಿದ್ದು ಅನಂತರ ಪರಿಷ್ಕರಣೆಯಾಗುತ್ತದೆ. ಯಾವ ದಿನ ಇಳಿಸಿಕೊಂಡದ್ದು ಎಂದು ಹಾಳೆಯ ತಲೆಯಲ್ಲಿ ಬರೆದಿಡಬೇಕು.

ಹೆಸರು ಮತ್ತು ಗಡಿ ಬದಲಾದಾಗ

ತಾರೀಖು, ತೂಕ ಎಲ್ಲ ಹೊಂದಿದ ಮೇಲೂ ಸರಣಿ ನಡುವೆ ಮುರಿಯುವುದುಂಟು. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಮನುಷ್ಯರಿಗೆ ಎರಡೂ ಒಂದೇ ಊರು. ‘ವಿಲುಕಪ್’ ಸೂತ್ರಕ್ಕೆ ಎರಡು ಊರು. ಇಂಗ್ಲಿಷ್ ಕಾಗುಣಿತ ಒಂದಕ್ಷರ ಹೆಚ್ಚು ಕಡಿಮೆಯಾದರೆ ಮೂರು. ಹಳೆಯ ಮತ್ತು ಹೊಸ ಹೆಸರುಗಳನ್ನು ಎದುರುಬದುರು ಬರೆದ ಸಣ್ಣ ಪಟ್ಟಿಯೊಂದನ್ನು ಮೊದಲೇ ಮಾಡಿ, ಎಲ್ಲ ಹೆಸರುಗಳನ್ನೂ ಅದರ ಮೂಲಕ ಹಾಯಿಸಬೇಕು.

ಗಡಿ ಬದಲಾದರೆ ಹೆಸರಿನ ಪಟ್ಟಿ ಸಾಲದು. 2009ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೆ ಮೊದಲಿನ ಜಿಲ್ಲಾ ಅಂಕಿಗಳಲ್ಲಿ ಶಹಾಪುರ, ಸುರಪುರ, ಯಾದಗಿರಿಗಳ ಬೆಳೆಯೂ ಸೇರಿದೆ. ಹಳೆಯ ಜಿಲ್ಲೆಯನ್ನು ಹೊಸದರೊಂದಿಗೆ ಹೋಲಿಸಬೇಕಾದರೆ ಈಚಿನ ವರ್ಷಗಳಿಗೆ ಯಾದಗಿರಿಯ ಅಂಕಿಯನ್ನು ಕೂಡಿಸುವುದೊಂದೇ ಪ್ರಾಮಾಣಿಕ ದಾರಿ. ಮಾರುಕಟ್ಟೆಯ ಆವಕಕ್ಕೂ ಇಂಥದೇ ಮುರಿತವಿದೆ: 2020ರ ಎಪಿಎಂಸಿ ಕಾಯ್ದೆ ತಿದ್ದುಪಡಿ ಪ್ರಾಂಗಣದ ಹೊರಗೂ ಖರೀದಿಗೆ ಅವಕಾಶ ಕೊಟ್ಟಿತ್ತು. ಆ ಅವಧಿಯಲ್ಲಿ ಆವಕ ಇಳಿದಿದ್ದರೆ ಅಷ್ಟೂ ಬೆಳೆ ಕಡಿಮೆಯಾದದ್ದೆಂದು ತಿಳಿಯಲಾಗದು.

ತಾಲ್ಲೂಕಿನ ಮಟ್ಟದಲ್ಲಿ ಈ ತೊಡಕು ಇನ್ನೂ ಹತ್ತಿರದ್ದು. ಹೋಬಳಿ ಕೇಂದ್ರವಾಗಿದ್ದ ಕಮಲಾಪುರ ಈಚೆಗೆ ತಾಲ್ಲೂಕಾಯಿತು. ಕಲಬುರಗಿ ತಾಲ್ಲೂಕಿನ ತೊಗರಿ ಬಿತ್ತನೆ ಕ್ಷೇತ್ರ ಒಮ್ಮೆಲೇ ಕುಗ್ಗಿದಂತೆ ತೋರುವ ಹಾಳೆಯನ್ನು ಕಂಡವರು ಗಾಬರಿಯಾಗಿ ಮುಂಗಡ ಖರೀದಿಗೆ ಧಾವಿಸುವ ಮುನ್ನ, ಕಮಲಾಪುರದ ಸಾಲು ಅದೇ ಪಟ್ಟಿಯ ಕೆಳಗೆಲ್ಲೋ ಹೊಸದಾಗಿ ಸೇರಿದೆಯೇ ಎಂದು ನೋಡಬೇಕು.